ನಡುವೆ ಒಂದು ನಿದ್ದೆ: ಅತ್ತೆ, ಮಾವ, ಮಕ್ಕಳೊಂದಿಗೆ ದುಬೈ ಸುತ್ತಾಟ

ಊರಿನಿಂದ ಯಾರಾದರೂ ದುಬೈಗೆ ಬರುತ್ತಾರೆಂದರೆ ನಮ್ಮ ಮನೆಯಲ್ಲಿ ಮೊದಲು ಶುರುವಾಗುವುದು ಪಟ್ಟಿಯ ಜಗಳ. ಬುರ್ಜ್ ಖಲೀಫಾ, ದುಬೈ ಫ್ರೇಮ್, ಮ್ಯೂಸಿಯಂ ಆಫ್ ದಿ ಫ್ಯೂಚರ್, ಪಾಮ್ ಜುಮೇರಾ, ಸಂಜೆಗೆ ಮರುಭೂಮಿ ಸಫಾರಿ, ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದ ವೇಳಾಪಟ್ಟಿ ಯಾರದಾದರೂ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ಜನವರಿಯಲ್ಲಿ ಚಿಕ್ಕಮಗಳೂರಿನ ಕಡೆಯಿಂದ ಅತ್ತೆ ಮಾವ ಬಂದಾಗ ಪಟ್ಟಿಯನ್ನು ನಾನೇ ಕೈಗೆತ್ತಿಕೊಂಡೆ. ಅತ್ತೆಗೆ ಮಂಡಿನೋವು. ಮಾವನಿಗೆ ಎಪ್ಪತ್ತು ದಾಟಿದ್ದರೂ ಕಾಫಿ ತೋಟದ ಏರಿಳಿತದಲ್ಲಿ ಪಳಗಿದ ಕಾಲು. ಮಗನಿಗೆ ಎಂಟು ವರ್ಷ, ಮಗಳಿಗೆ ನಾಲ್ಕು. ಈ ನಾಲ್ವರೂ ಒಟ್ಟಿಗೆ ಉತ್ಸಾಹದಲ್ಲಿರುವುದು ದಿನಕ್ಕೆ ಎರಡು ಹೊತ್ತು ಮಾತ್ರ. ಆದ್ದರಿಂದ ಬೆಳಿಗ್ಗೆ ಹಳೆಯ ಊರು, ಸಂಜೆ ಹೊಸ ಊರು, ನಡುವೆ ಮನೆಗೆ ಬಂದು ಊಟ ಮತ್ತು ನಿದ್ದೆ ಎಂದು ತೀರ್ಮಾನಿಸಿದೆ. "ಅಷ್ಟು ದೂರದಿಂದ ಬಂದವರನ್ನು ಹಗಲು ಹೊತ್ತು ಮಲಗಿಸುತ್ತೀಯಾ?" ಎಂದು ನನ್ನ ಗಂಡ ಗೊಣಗಿದರು. ಅತ್ತೆಯೇ ನನ್ನ ಪಕ್ಷ ವಹಿಸಿದ್ದರಿಂದ ಮಾತು ಅಲ್ಲಿಗೇ ನಿಂತಿತು.

ಕಾರನ್ನು ಹೊರಗೆ ತೆಗೆಯಲಿಲ್ಲ. ಹಳೆಯ ಊರಿನಲ್ಲಿ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಉದ್ಯೋಗ. ಜೊತೆಗೆ ಸಾಲಿಕ್ ಟೋಲ್ ಬೇರೆ. ಮೆಟ್ರೋದಲ್ಲಿ ದಿನವಿಡೀ ಎಷ್ಟು ಸಲ ಹತ್ತಿಳಿದರೂ ಸಲ್ಲುವ ಪಾಸಿಗೆ ತಲಾ 20 ದಿರ್ಹಮ್, ಐದು ವರ್ಷದೊಳಗಿನ ಮಗುವಿಗೆ ದುಡ್ಡಿಲ್ಲ. 2009ರಲ್ಲಿ ಆರಂಭವಾದ ಈ ರೈಲಿಗೆ ಚಾಲಕರಿಲ್ಲ. ಹೀಗಾಗಿ ತುದಿಯ ಬೋಗಿಯ ಗಾಜಿಗೆ ಮೂಗು ಒತ್ತಿ ನಿಂತರೆ ಹಳಿಯೆಲ್ಲ ಕಾಣುತ್ತದೆ. ಒಂದು ತುದಿ ಗೋಲ್ಡ್ ಕ್ಲಾಸಿನದು, ಅಲ್ಲಿ ಹಣ ದುಪ್ಪಟ್ಟು. ಮಕ್ಕಳಿಗೆ ಇನ್ನೊಂದು ತುದಿಯ ಗಾಜು ಧಾರಾಳವಾಗಿ ಸಾಕು. ಹತ್ತುವ ಮೊದಲು ಅತ್ತೆಯ ಚೀಲದಲ್ಲಿದ್ದ ಚಕ್ಕುಲಿಯ ಪೊಟ್ಟಣಕ್ಕೆ ಗಂಟು ಹಾಕಿಸಿದೆ; ಮೆಟ್ರೋದಲ್ಲಿ ತಿನ್ನುವುದು, ಕುಡಿಯುವುದು, ಚ್ಯೂಯಿಂಗ್ ಗಮ್ ಜಗಿಯುವುದು ಎಲ್ಲಕ್ಕೂ 100 ದಿರ್ಹಮ್ ದಂಡವಿದೆ.

ಕರಾಮಾದಿಂದ ಹೊರಟು, ಬುರ್ಜುಮಾನ್‌ನಲ್ಲಿ ಹಸಿರು ಮಾರ್ಗದ ರೈಲು ಹಿಡಿದು, ಎಂಟೂವರೆಯ ಹೊತ್ತಿಗೆ ಅಲ್ ಫಹಿದಿ ಬಡಾವಣೆಯ ಓಣಿಗಳಲ್ಲಿದ್ದೆವು. ಪ್ರವಾಸಿ ಬಸ್ಸುಗಳು ಬರುವ ಮೊದಲು ಇಲ್ಲಿರಬೇಕು. ಇರಾನಿನ ಬಸ್ತಕ್ ಕಡೆಯ ವರ್ತಕರು ಬಂದು ನೆಲೆಸಿದ್ದ ಕೇರಿ ಇದು. ಹಳಬರು ಈಗಲೂ ಬಸ್ತಕಿಯಾ ಎನ್ನುತ್ತಾರೆ. ಗೋಡೆಗಳು ಸಮುದ್ರದ ಹವಳದ ಕಲ್ಲಿನವು, ಮೇಲೆ ಜಿಪ್ಸಮ್ ಗಾರೆ. ಮನೆಗಳ ನೆತ್ತಿಯ ಮೇಲಿನ ಚೌಕ ಗೋಪುರಗಳನ್ನು ಬರ್ಜೀಲ್ ಎನ್ನುತ್ತಾರೆ. ಮಾವ ಒಂದರ ಕೆಳಗೆ ನಿಂತು ಕತ್ತೆತ್ತಿ ನೋಡಿದರು. ಗೋಪುರದ ಒಳಗೆ ಮೂಲೆಯಿಂದ ಮೂಲೆಗೆ ಎರಡು ಗೋಡೆಗಳು ಹಾಯ್ದಿರುತ್ತವೆ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಒಂದು ಕವಲಿನಲ್ಲಿ ಸಿಕ್ಕಿ ಕೆಳಗಿಳಿಯುತ್ತದೆ, ಕೋಣೆಯ ಬಿಸಿಗಾಳಿ ಎದುರಿನ ಕವಲಿನಿಂದ ಹೊರಹೋಗುತ್ತದೆ. ಮಾವ ಮೊಮ್ಮಗನನ್ನು ಅಲ್ಲಿ ನಿಲ್ಲಿಸಿ, ಬೆರಳನ್ನು ಎಂಜಲು ಮಾಡಿಸಿ, ಗಾಳಿ ಎತ್ತಲಿಂದ ಬರುತ್ತಿದೆ ಎಂದು ಕಂಡುಹಿಡಿಯಲು ಹೇಳಿದರು. ಇಡೀ ದಿನದಲ್ಲಿ ಟಿಕೆಟ್ ಇಲ್ಲದ ಈ ಆಟಕ್ಕೆ ಅವನು ಕೊಟ್ಟಷ್ಟು ಗಮನವನ್ನು ಬೇರೆ ಯಾವುದಕ್ಕೂ ಕೊಡಲಿಲ್ಲ.

ಅದೇ ಕೇರಿಯಲ್ಲಿ ಒಂದು ಪುಟ್ಟ ಕಾಫಿ ಮ್ಯೂಸಿಯಂ ಇದೆ. ಪ್ಯಾಕೇಜ್ ಪ್ರವಾಸದವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಚಿಕ್ಕಮಗಳೂರಿನವರನ್ನು ಕರೆದುಕೊಂಡು ಬಂದು ಇದನ್ನು ತೋರಿಸದಿದ್ದರೆ ಹೇಗೆ? ಹುರಿಯುವ ಬಾಣಲೆಗಳು, ಹಳೆಯ ಬೀಸುವ ಯಂತ್ರಗಳು, ದಲ್ಲಾ ಎನ್ನುವ ಉದ್ದ ಕೊಕ್ಕಿನ ಹಿತ್ತಾಳೆಯ ಕಾಫಿ ಹೂಜಿಗಳನ್ನು ಮಾವ ಒಂದೊಂದಾಗಿ ಬಗ್ಗಿ ನೋಡಿದರು. ಬಾಬಾ ಬುಡನ್ ಯೆಮನಿನ ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದ ಕತೆ ಅಲ್ಲಿಯೇ ಹೊರಬಂತು. ಮೊಮ್ಮಗ "ಏಳೇ ಏಕೆ ತಂದರು, ತಾತ?" ಎಂದು ಕೇಳಿದ್ದಕ್ಕೆ "ಎಂಟನೆಯದನ್ನು ನಿನಗೆಂದು ಬಿಟ್ಟು ಬಂದರು" ಎಂದರು. ಬಳಿಕ ಅರಬ್ಬರ ಗಹ್ವಾ ಕುಡಿದೆವು: ಹಗುರವಾಗಿ ಹುರಿದ ಬೀಜ, ಏಲಕ್ಕಿ, ಸಕ್ಕರೆ ಇಲ್ಲ, ಹಾಲಿನ ಮಾತೇ ಇಲ್ಲ, ಜೊತೆಗೆ ಖರ್ಜೂರ. ಅದರ ಹೊಂಬಣ್ಣ ನೋಡಿ ಅತ್ತೆ "ಇದು ಶೀತಕ್ಕೆ ಕುಡಿಯುವ ಕಷಾಯವಲ್ಲವೇ!" ಎಂದರು. ಹಿಡಿಯಿಲ್ಲದ ಆ ಪುಟ್ಟ ಬಟ್ಟಲನ್ನು ಬರಿದೆ ಮುಂದೆ ಚಾಚಿದರೆ ಮತ್ತೆ ಸುರಿಯುತ್ತಾರೆ. ಸಾಕೆಂದರೆ ಅತ್ತಿತ್ತ ಅಲ್ಲಾಡಿಸಿ ಕೊಡಬೇಕು. ನಾನು ಇದನ್ನು ಹೇಳುವಷ್ಟರಲ್ಲಿ ಮಾವನದು ಮೂರನೆಯ ಸುತ್ತು ನಡೆದಿತ್ತು.

ಅಲ್ಲಿಂದ ಬಟ್ಟೆ ಅಂಗಡಿಗಳ ಮರದ ಚಾವಣಿಯ ನೆರಳಿನಲ್ಲೇ ನಡೆದು, ಹಳೆಯ ಊರನ್ನು ಸೀಳಿ ಒಳನುಗ್ಗಿದ ಸಮುದ್ರದ ಕವಲಾದ ಕ್ರೀಕ್‌ನ ದಂಡೆಗೆ ಬಂದೆವು. ಇಲ್ಲಿನ ವರ್ತಕರು ಶಾಲು, ಟೋಪಿ ಹಿಡಿದು ಮೈಮೇಲೆ ಬೀಳುತ್ತಾರೆ. ನಗುತ್ತಾ, ನಿಲ್ಲದೆ ಮುಂದೆ ಹೋಗುವುದೊಂದೇ ಉಪಾಯ. ನಮ್ಮವರಿಗೆ ಈ ಬೀದಿ ಅಷ್ಟೇನೂ ಪರದೇಶವಲ್ಲ. 1966ರವರೆಗೂ ಇಲ್ಲಿ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿಯೇ. 1959ರಿಂದ ಕೊಲ್ಲಿ ನಾಡುಗಳಿಗೆಂದೇ ಬೇರೆ ಬಣ್ಣದ ನೋಟನ್ನು ಭಾರತದಿಂದ ಹೊರಡಿಸುತ್ತಿದ್ದರು.

ಕ್ರೀಕ್ ದಾಟಿಸುವ ಮರದ ದೋಣಿಗೆ ಅಬ್ರಾ ಎನ್ನುತ್ತಾರೆ. ತಲೆಗೆ ಒಂದು ದಿರ್ಹಮ್. ಮೊದಲೇ ಚಿಲ್ಲರೆ ಇಟ್ಟುಕೊಂಡಿರಬೇಕು, ದೋಣಿಯಲ್ಲಿ ಕುಳಿತ ಮೇಲೆ ಕೈಯಿಂದ ಕೈಗೆ ಸಾಗಿ ಅದು ದೋಣಿಯವನಿಗೆ ತಲುಪುತ್ತದೆ. ಮಂಡಿನೋವಿನವರಿಗೆ ಕಷ್ಟವಿರುವುದು ಹತ್ತುವಾಗ: ದೋಣಿ ತೂಗಾಡುತ್ತಿರುತ್ತದೆ, ಕಟ್ಟೆಗೂ ಅದಕ್ಕೂ ನಡುವೆ ಒಂದು ಹೆಜ್ಜೆಯ ಸಂದು. ಅತ್ತೆಯನ್ನು ಎಲ್ಲರಿಗಿಂತ ಮೊದಲು ಹತ್ತಿಸಿ, ಕಟ್ಟೆಯ ಕಡೆಯ ಅಂಚಿನಲ್ಲಿಯೇ ಕೂರಿಸಿದೆವು. ಇಳಿಯುವಾಗ ಎಲ್ಲರೂ ಹೋದ ಮೇಲೆ ಕೊನೆಯಲ್ಲಿ ಇಳಿಸಿದೆವು, ಅವಸರವಿಲ್ಲ. ನಡುವಿನ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತರೆ ಐದು ನಿಮಿಷದ ಪ್ರಯಾಣ. ದುಬೈನಲ್ಲಿ ಒಂದು ದಿರ್ಹಮಿಗೆ ಇಷ್ಟು ಸಂತೋಷ ಬೇರೆಲ್ಲೂ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಐಷಾರಾಮಿ ದೋಣಿಯ ರಾತ್ರಿಯೂಟಕ್ಕೆ ನೂರಾರು ದಿರ್ಹಮ್ ಸುರಿಯುವವರ ಬಗ್ಗೆ ನನಗೆ ಸ್ವಲ್ಪ ಕನಿಕರವಿದೆ.

ಆಚೆ ದಡ ದೇರಾ. ಮಸಾಲೆ ಸಂತೆಯಲ್ಲಿ ಕಲ್ಲಿನಂತೆ ಒಣಗಿದ ಕಪ್ಪು ನಿಂಬೆ, ಕೇಸರಿ, ಸಾಂಬ್ರಾಣಿಯ ಹರಳುಗಳು ಮೂಟೆಗಳಲ್ಲಿ ತೆರೆದಿರುತ್ತವೆ. ಮಾವ ಒಂದು ಏಲಕ್ಕಿ ಕಾಯಿ ಎತ್ತಿ, ಉಗುರಿನಿಂದ ಸಿಪ್ಪೆ ಸೀಳಿ, ಕಾಳನ್ನು ಅಂಗೈಯಲ್ಲಿ ಉಜ್ಜಿ ಮೂಸಿದರು. ಅಂಗಡಿಯವನನ್ನು ಕೇಳಿದರೆ ಮಾಲು ಗ್ವಾಟೆಮಾಲಾದ್ದು. ಕೊಲ್ಲಿಯ ಮಾರುಕಟ್ಟೆಗೆ ಅಲ್ಲಿನ ಏಲಕ್ಕಿ ಬಹಳ ಬರುತ್ತದೆ. "ಗಾತ್ರವಿದೆ, ಗಮ್ಮೆನ್ನುವುದಿಲ್ಲ" ಎಂದು ತೀರ್ಪು ಕೊಟ್ಟು, ಕಾಯಿಯನ್ನು ಮೂಟೆಗೇ ಹಾಕಿದರು. ಕೇಸರಿಯನ್ನು ಚೌಕಾಸಿ ಮಾಡಿ ಕೊಂಡೆವು.

ಚಿನ್ನದ ಸಂತೆಯಲ್ಲಿ ಅತ್ತೆಗೆ ಮೊದಲೇ ಹೇಳಿದ್ದೆ: ನೋಡೋಣ, ಕೊಳ್ಳುವುದು ಬೇಡ. ಚಿನ್ನದ ದರ ಎಲ್ಲ ಅಂಗಡಿಯಲ್ಲೂ ಹೆಚ್ಚುಕಡಿಮೆ ಒಂದೇ, ಚೌಕಾಸಿ ನಡೆಯುವುದು ಮಜೂರಿಯ ಮೇಲೆ. ಭಾರತದ ಕಸ್ಟಮ್ಸ್‌ನಲ್ಲಿ ಮಹಿಳೆಯರಿಗೆ 40 ಗ್ರಾಂ, ಪುರುಷರಿಗೆ 20 ಗ್ರಾಂ ಆಭರಣಕ್ಕೆ ಸುಂಕವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿದ್ದು ಮರಳುವವರಿಗೆ. ಎರಡು ವಾರ ಸುತ್ತಾಡಲು ಬಂದವರಿಗೆ ಅನ್ವಯಿಸುವುದಿಲ್ಲ. ಅಂಗಡಿಯ ಕಿಟಕಿಯಲ್ಲಿಟ್ಟ, ಸುಮಾರು 64 ಕಿಲೋ ತೂಕದ ದೈತ್ಯ ಉಂಗುರದ ಮುಂದೆ ಎಲ್ಲರ ಫೋಟೋ ತೆಗೆದು, ಟ್ಯಾಕ್ಸಿ ಹಿಡಿದು ಮನೆ ಸೇರಿದಾಗ ಗಂಟೆ ಹನ್ನೆರಡು. ಅನ್ನ, ಸಾರು, ಹಪ್ಪಳ. ಆಮೇಲೆ ಮೂರೂವರೆಯವರೆಗೆ ಮನೆಯೆಲ್ಲ ಗೊರಕೆ.

ಸಂಜೆ ಕೆಂಪು ಮಾರ್ಗ. ಶೇಖ್ ಜಾಯೆದ್ ರಸ್ತೆಯ ಪಕ್ಕದಲ್ಲಿ ರೈಲು ಎತ್ತರದ ಮೇಲೆ ಓಡುತ್ತದೆ. ಎಮಿರೇಟ್ಸ್ ಟವರ್ಸ್ ನಿಲ್ದಾಣದಲ್ಲಿ, 2022ರಲ್ಲಿ ತೆರೆದ ಮ್ಯೂಸಿಯಂ ಆಫ್ ದಿ ಫ್ಯೂಚರ್ ಕಿಟಕಿಯ ಆಚೆಯೇ ಇರುತ್ತದೆ. ನಡುವೆ ಖಾಲಿ ಇರುವ ಆ ಬೆಳ್ಳಿ ಬಣ್ಣದ ಕಟ್ಟಡದ ಮೈಮೇಲಿನ ಅರಬಿ ಬರಹಗಳೇ ಅದರ ಕಿಟಕಿಗಳು. ಒಳಗೆ ಹೋಗಲು ಪುರುಸೊತ್ತಿಲ್ಲದವರಿಗೆ ಇಷ್ಟು ದರ್ಶನ ಸಾಕು.

ಬುರ್ಜ್ ಖಲೀಫಾ ನಿಲ್ದಾಣದಿಂದ ದುಬೈ ಮಾಲ್‌ಗೆ ತಂಪಾಗಿಸಿದ ಮೇಲ್ಸೇತುವೆಯಲ್ಲಿ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ನಡಿಗೆ. ಚಲಿಸುವ ಪಟ್ಟಿಗಳಿವೆ, ಆದರೂ ಹಿರಿಯರಿಗೆ ಇದು ದೂರವೇ. ಮಾಲ್ ಸೇರಿದೊಡನೆ ಅತ್ತೆಗೆ ಗಾಲಿಕುರ್ಚಿ ಕೇಳಿ ಪಡೆದೆವು. ಮೊದಲು "ನನಗೇನಾಗಿದೆ?" ಎಂದವರು ಆಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೆರವಣಿಗೆ ಹೊರಟರು.

828 ಮೀಟರಿನ ಬುರ್ಜ್ ಮೇಲೆ ಎಲ್ಲರೂ ಹತ್ತಲೇಬೇಕೆಂದಿಲ್ಲ. ಮೇಲಿನಿಂದ ಊರೆಲ್ಲ ಕಾಣುತ್ತದೆ, ಬುರ್ಜ್ ಒಂದನ್ನು ಬಿಟ್ಟು. ಜೊತೆಗೆ ಸೂರ್ಯಾಸ್ತದ ಹೊತ್ತಿನ ಟಿಕೆಟ್ ತುಟ್ಟಿ. ನನ್ನ ಗಂಡ, ಮಾವ, ಮಗ ಅದಕ್ಕಿಂತ ಮುಂಚಿನ ಸಮಯ ಕಾಯ್ದಿರಿಸಿ 124ನೆಯ ಮಹಡಿಗೆ ಹೋದರು. ಒಂದು ನಿಮಿಷದಲ್ಲಿ ಲಿಫ್ಟ್ ಅಲ್ಲಿಗೆ ಮುಟ್ಟಿಸುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ. ನಾವು ಮೂವರು ಹೆಂಗಸರು ಅಕ್ವೇರಿಯಂನ ಮುಂದೆ ಬೀಡುಬಿಟ್ಟೆವು. ಒಂದು ಕೋಟಿ ಲೀಟರಿನ ಆ ತೊಟ್ಟಿಯನ್ನು ಹೊರಗಿನ ಗಾಜಿನಿಂದ ಬಿಟ್ಟಿಯಾಗಿಯೇ ನೋಡಬಹುದು. ಶಾರ್ಕ್ ಬಂದಾಗಲೆಲ್ಲ ಮಗಳು ಅಜ್ಜಿಯ ಸೆರಗಿನ ಒಳಗೆ, ಹೋದ ಮೇಲೆ ಹೊರಗೆ.

ಬುರ್ಜ್‌ನ ಬುಡದ ಕೊಳದಲ್ಲಿನ ಕಾರಂಜಿ ಸಂಜೆ ಆರು ಗಂಟೆಯಿಂದ ಅರ್ಧ ಗಂಟೆಗೊಮ್ಮೆ ಕುಣಿಯುತ್ತದೆ. ಹಾಡು ಪ್ರತಿ ಸಲವೂ ಬೇರೆ, ಅವಧಿ ಕೆಲವೇ ನಿಮಿಷ. ಸೌಕ್ ಅಲ್ ಬಹಾರ್ ಕಡೆಯ ಸೇತುವೆಯ ಹತ್ತಿರ ಇಪ್ಪತ್ತು ನಿಮಿಷ ಮೊದಲೇ ಕಂಬಿಗೆ ಒರಗಿ ಜಾಗ ಹಿಡಿದೆವು. ಗಾಲಿಕುರ್ಚಿ ಕಂಡು ಜನರೇ ದಾರಿ ಬಿಟ್ಟರು. ಎರಡು ಆಟ ನೋಡಿ ಏಳು ಗಂಟೆಯ ಒಳಗೆ ಹೊರಟೆವು. ಊಟ ಮುಗಿಸಿ ಹೊರಟರೆ ಆ ಮೇಲ್ಸೇತುವೆಯಲ್ಲಿ ಜಾತ್ರೆಯೇ ಎದುರಾಗುತ್ತದೆ. ಊಟವನ್ನು ಕರಾಮಾದ ಉಡುಪಿ ಹೋಟೆಲಿಗೆ ಇಟ್ಟುಕೊಂಡಿದ್ದೆವು. ಮಸಾಲೆ ದೋಸೆ ಬಂದೊಡನೆ ಮಾವ ಮಾಣಿಯನ್ನು ಯಾವ ಊರೆಂದು ವಿಚಾರಿಸಿದರು. ಕುಂದಾಪುರದ ಕಡೆಯವನು. ಆಮೇಲೆ ಕಾರಂಜಿ, ಬುರ್ಜ್ ಎಲ್ಲ ಹಿಂದೆ ಸರಿದು, ಅಡಿಕೆ ಧಾರಣೆ ಮುಂದೆ ಬಂತು.

ಮರುದಿನವೇ ಅಬುಧಾಬಿಗೆ ಹೋಗೋಣವೆಂದು ನನ್ನ ಗಂಡ ಅಲ್ಲಿಯೇ ಎತ್ತಿದರು. ಶೇಖ್ ಜಾಯೆದ್ ಮಸೀದಿಗೆ ಆನ್‌ಲೈನ್‌ನಲ್ಲಿ ಮುಂಚೆಯೇ ಹೆಸರು ನೋಂದಾಯಿಸಬೇಕು, ಹೆಂಗಸರಿಗೆ ತಲೆಯ ಮೇಲೆ ಬಟ್ಟೆ ಬೇಕು; 2024ರಲ್ಲಿ ತೆರೆದ ಸ್ವಾಮಿನಾರಾಯಣ ಮಂದಿರವೂ ಆ ದಾರಿಯಲ್ಲೇ ಸಿಗುತ್ತದೆ. ನಡುವೆ ಒಂದು ದಿನ ಬಿಟ್ಟು ಹೋಗುವುದೆಂದು ಅತ್ತೆ ತೀರ್ಪು ಕೊಟ್ಟರು, ಇನ್ನೊಂದು ಕಾಫಿ ಹೇಳಿದರು. ಹಾಲು ಹಾಕಿದ್ದು.