ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕಾಗದ ಸರಿಯಾಗಿ ಓಡದಿದ್ದರೆ

ಮಂಗಳೂರಿನ ಬಂದರಿನ ಸಗಟು ಅಂಗಡಿಗಳಲ್ಲಿ, ಉಡುಪಿ ಕಡೆಯ ಸಹಕಾರಿ ಸಂಘಗಳಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಸದ್ದು ಇನ್ನೂ ನಿಂತಿಲ್ಲ. ಒಂದೇ ಏಟಿಗೆ ಮೂರು ಪ್ರತಿಗಳಲ್ಲಿ ಅಕ್ಷರ ಮೂಡಿಸುವುದು ಲೇಸರಿಗೂ ಇಂಕ್‌ಜೆಟ್ಟಿಗೂ ಆಗದ ಕೆಲಸವಾದ್ದರಿಂದ, ಬಿಲ್ಲು ಬರೆಯುವವರು ಇದನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆದರೆ ಜೂನ್ ಬಂತೆಂದರೆ ಕಾಗದ ಓರೆಯಾಗುವ, ಮುದುಡುವ, ಹರಿಯುವ ದೂರುಗಳೂ ಜೊತೆಗೇ ಬರುತ್ತವೆ. ಸ್ಕ್ರೂಡ್ರೈವರ್ ಹಿಡಿದು ಯಂತ್ರವನ್ನು ಬಿಚ್ಚುವ ಮೊದಲು ಕಾಗದವನ್ನೂ ಅದು ಸಾಗುವ ದಾರಿಯನ್ನೂ ನೋಡಬೇಕು. ನಾನು ಕಂಡ ದೂರುಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಗಿದಿವೆ.

ಕಾಗದ ಈಗಾಗಲೇ ಸಿಕ್ಕಿಕೊಂಡಿದ್ದರೆ ಮೊದಲು ಸ್ವಿಚ್ ಆರಿಸಿರಿ. ಯಂತ್ರ ಚಾಲೂ ಇರುವಾಗ ಬದಿಯ ನಾಬ್ ತಿರುಗಿಸಿದರೆ ಒಳಗಿನ ಹಲ್ಲುಚಕ್ರಗಳಿಗೆ ಪೆಟ್ಟು ಬೀಳುತ್ತದೆ. ಈಗಷ್ಟೇ ಮುದ್ರಿಸಿದ ಹೆಡ್, ಅಂದರೆ ಅಕ್ಷರ ಮೂಡಿಸುವ ಭಾಗ, ಕೈ ಸುಡುವಷ್ಟು ಬಿಸಿಯಾಗಿರುವುದರಿಂದ ಸ್ವಲ್ಪ ಹೊತ್ತು ಕಾಯಿರಿ. ಕಾಗದ ಪ್ರಿಂಟರಿನ ಹಿಂದೆ ಒಳಹೋಗುವಲ್ಲಿ ಅದನ್ನು ಕತ್ತರಿಸಿ, ಒಳಗುಳಿದ ಭಾಗವನ್ನು ಅದು ಸಾಗುವ ದಿಕ್ಕಿನಲ್ಲೇ ನಾಬ್ ತಿರುಗಿಸುತ್ತ ಹೊರತೆಗೆಯಿರಿ. ಹಿಂದಕ್ಕೆ ಜಗ್ಗಿದರೆ ಕಾಗದದ ಅಂಚಿನ ತೂತಿನ ಪಟ್ಟಿ ಕಿತ್ತು ಒಳಗೇ ಉಳಿಯುತ್ತದೆ. ಒಮ್ಮೆ ಹೀಗೆ ಉಳಿದಿದ್ದ ಬೆರಳುದ್ದದ ಪಟ್ಟಿಯೊಂದು ರೋಲರಿನ ಅಡಿಯಲ್ಲಿ ಅಂಟಿಕೊಂಡು, ಬರುವ ಪ್ರತಿ ಹಾಳೆಯನ್ನೂ ಒಂದೇ ಜಾಗದಲ್ಲಿ ಎಡಕ್ಕೆ ತಿರುಗಿಸುತ್ತಿತ್ತು. ಟಾರ್ಚ್ ಬಿಟ್ಟು ನೋಡುವವರೆಗೆ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಅನಂತರ ಕಾಗದ ಬದಲಿಸುವ ಲಿವರನ್ನು ಗಮನಿಸಿರಿ. ಅದಕ್ಕೆ ಸಾಮಾನ್ಯವಾಗಿ ಎರಡು ಸ್ಥಾನಗಳಿರುತ್ತವೆ: ಒಂದು ಬಿಡಿ ಹಾಳೆಗೆ, ಇನ್ನೊಂದು ತೂತುಗಳಿರುವ ಮಡಿಕೆ ಕಾಗದಕ್ಕೆ. ಬಿಡಿ ಹಾಳೆಯ ಸ್ಥಾನದಲ್ಲಿ ರೋಲರ್ ಕಾಗದವನ್ನು ಒತ್ತಿ ಹಿಡಿದು ಎಳೆಯುತ್ತದೆ. ಅದೇ ಹೊತ್ತಿಗೆ ಟ್ರ್ಯಾಕ್ಟರಿನ, ಅಂದರೆ ಕಾಗದವನ್ನು ಎರಡೂ ಅಂಚಿನ ತೂತುಗಳಲ್ಲಿ ಹಿಡಿದು ಸಾಗಿಸುವ ಭಾಗದ, ಪಿನ್ನುಗಳೂ ತಮ್ಮ ಪಾಡಿಗೆ ದೂಡುತ್ತಿದ್ದರೆ ಎರಡರ ನಡುವೆ ಜಗ್ಗಾಟ ನಡೆಯುತ್ತದೆ. ಹೊರಬಂದ ಕಾಗದದ ತೂತುಗಳನ್ನು ನೋಡಿದರೆ ಇದು ತಿಳಿಯುತ್ತದೆ: ದುಂಡಗಿರಬೇಕಾದ ತೂತು ಉದ್ದಕ್ಕೆ ಹರಿದು ಬಾಯಿ ಬಿಟ್ಟಿರುತ್ತದೆ.

ಟ್ರ್ಯಾಕ್ಟರ್ ಹೊಂದಿಸುವ ಕೆಲಸಕ್ಕೆ ತಾಳ್ಮೆ ಬೇಕು. ಕಾಗದದ ತೂತುಗಳ ನಡುವೆ ಅರ್ಧ ಇಂಚಿನ ಅಂತರವಿರುತ್ತದೆ. ಹಾಳೆಗಳನ್ನು ಹರಿದು ಬೇರೆ ಮಾಡುವ ಗೆರೆಯಿಂದ ಎಣಿಸಿ, ಎಡಬಲಗಳೆರಡರಲ್ಲೂ ಅದೇ ಸಾಲಿನ ತೂತನ್ನು ಪಿನ್ನಿಗೆ ಕೂರಿಸಿರಿ. ಒಂದು ತೂತು ಆಚೀಚೆಯಾದರೂ ಕಾಗದ ಓರೆಯಾಗಿಯೇ ಓಡುತ್ತದೆ. ಎಡಗಡೆಯ ಟ್ರ್ಯಾಕ್ಟರನ್ನು ಬಿಗಿ ಮಾಡಿಕೊಂಡು ಬಲಗಡೆಯದನ್ನು ಸರಿಸುತ್ತ ಹೋಗಿ, ಕಾಗದ ನಡುವಿನಲ್ಲಿ ಜೋತುಬೀಳದೆ, ತಂತಿಯಂತೆ ಬಿಗಿಯಾಗದೆ ನಿಂತಲ್ಲಿ ಬೀಗ ಒತ್ತಿರಿ. ಕರಾವಳಿಯವರು ಇಲ್ಲಿ ಒಂದು ಮಾತು ನೆನಪಿಡಬೇಕು. ತೇವ ಹೀರಿದ ಕಾಗದ ಅಗಲವಾಗುತ್ತದೆ. ಏಪ್ರಿಲಿನ ಸೆಕೆಯಲ್ಲಿ ಸರಿಯಾಗಿ ಹೊಂದಿಸಿದ ಟ್ರ್ಯಾಕ್ಟರ್ ಆಟಿ ತಿಂಗಳ ಜಡಿಮಳೆಯಲ್ಲಿ ಅದೇ ಕಾಗದಕ್ಕೆ ಇಕ್ಕಟ್ಟಾಗಿ, ನಡುಭಾಗ ಉಬ್ಬಿ ಹೆಡ್ಡಿಗೆ ತಾಗುತ್ತದೆ. ಆದ್ದರಿಂದ ಮಳೆಗಾಲಕ್ಕೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಇದನ್ನು ಮತ್ತೆ ಹೊಂದಿಸಿಕೊಳ್ಳಬೇಕು.

ಕಾಗದದ ಕಟ್ಟನ್ನು ನೆಲದ ಮೇಲಾಗಲಿ, ಹೊರಗೋಡೆಗೆ ತಾಗಿಸಿಯಾಗಲಿ ಇಡಬಾರದು. ಹಲಗೆಯ ಮೇಲಿಟ್ಟು, ಬೇಕಾದಷ್ಟನ್ನೇ ಹೊರತೆಗೆದು, ಉಳಿದದ್ದರ ಪ್ಲಾಸ್ಟಿಕ್ ಹೊದಿಕೆಯನ್ನು ಮುಚ್ಚಿಬಿಡಿ. ರಾತ್ರಿ ಅಂಗಡಿ ಮುಚ್ಚುವಾಗ ಕಾಗದವನ್ನು ರೋಲರಿಗೆ ಸುತ್ತಿದಂತೆಯೇ ಬಿಟ್ಟುಹೋಗುವ ಅಭ್ಯಾಸ ಬಹಳ ಜನರಿಗಿದೆ. ತಣ್ಣಸದಲ್ಲಿ ಅದು ಹಾಗೆಯೇ ಬಾಗಿ ನಿಂತು, ಬೆಳಗ್ಗಿನ ಮೊದಲ ಬಿಲ್ಲೇ ಸಿಕ್ಕಿಕೊಳ್ಳುತ್ತದೆ. ಕಟ್ಟು ಪ್ರಿಂಟರಿನ ನೇರ ಹಿಂದೆ ಇರಲಿ. ಮೇಜಿನ ಅಂಚಿಗೋ ಕೇಬಲ್ಲಿಗೋ ತೊಡರಬಾರದು. ಮುದ್ರಣವಾಗಿ ಹಿಂದಕ್ಕೆ ಬಿದ್ದ ಕಾಗದ ಹೊಸ ಕಾಗದದ ಜೊತೆ ಮತ್ತೆ ಒಳಹೋಗುವುದನ್ನೂ ನಾನು ಕಂಡಿದ್ದೇನೆ.

ಮೂರು ಪ್ರತಿಗಳ ಕಾಗದ ಹಾಕಿದಾಗ ಕಾಗದದ ದಪ್ಪಕ್ಕೆ ತಕ್ಕಂತೆ ಹೊಂದಿಸುವ ಲಿವರನ್ನು ಮೇಲಿನ ಅಂಕೆಗೆ ಸರಿಸಲು ಮರೆಯಬೇಡಿ. ಇಲ್ಲದಿದ್ದರೆ ಹೆಡ್ ಕಾಗದವನ್ನು ಉಜ್ಜುತ್ತದೆ, ಶಾಯಿ ಮೆತ್ತಿಕೊಳ್ಳುತ್ತದೆ, ಸಾಲುಗಳು ಒಂದರ ಮೇಲೊಂದು ಬೀಳುತ್ತವೆ.

ಕಾಗದ ನೇರವಾಗಿಯೇ ಓಡುತ್ತಿದ್ದು, ಪ್ರತಿ ಬಿಲ್ಲೂ ಹಿಂದಿನದಕ್ಕಿಂತ ಒಂದಿಂಚು ಮೇಲಕ್ಕೋ ಕೆಳಕ್ಕೋ ಸರಿದು ಬೀಳುತ್ತಿದ್ದರೆ ದೋಷ ಯಂತ್ರದ್ದಲ್ಲ, ಪುಟದ ಉದ್ದದ ಸೆಟ್ಟಿಂಗಿನದು. ಹಾಳೆಯ ಒಂದು ಬದಿಯ ತೂತುಗಳನ್ನು ಎಣಿಸಿರಿ: 22 ಇದ್ದರೆ ಅದು 11 ಇಂಚಿನ ಕಾಗದ, 24 ಇದ್ದರೆ 12 ಇಂಚಿನದು. ಇಂಚಿಗೆ ಆರು ಸಾಲಿನ ಲೆಕ್ಕದಲ್ಲಿ ಮೊದಲನೆಯದರಲ್ಲಿ 66, ಎರಡನೆಯದರಲ್ಲಿ 72 ಸಾಲುಗಳು ಹಿಡಿಸುತ್ತವೆ. ಪ್ರಿಂಟರಿನಲ್ಲೂ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೂ ಅದೇ ಅಳತೆ ಇರಬೇಕು.

ಕಾಗದ ಇದ್ದರೂ ‘ಕಾಗದವಿಲ್ಲ’ ಎಂಬ ದೀಪ ಉರಿಯುತ್ತಿದ್ದರೆ ಸೆನ್ಸರಿನ ಮೇಲಿನ ದೂಳನ್ನು ಮೆತ್ತಗಿನ ಬ್ರಷ್ಷಿನಿಂದ ತೆಗೆಯಿರಿ. ಬಿಡಿ ಹಾಳೆ ಜಾರುತ್ತಿದ್ದರೆ ರೋಲರನ್ನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಸೀಮೆ ಎಣ್ಣೆ, ಥಿನ್ನರ್ ತಾಗಿಸಿದರೆ ರಬ್ಬರ್ ಹಾಳಾಗುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಸ್ವಿಚ್ ಆರಿಸಿ, ಕಾಗದ ತೆಗೆದು, ನಾಬನ್ನು ನಿಧಾನವಾಗಿ ಕೆಲವು ಪೂರ್ತಿ ಸುತ್ತು ತಿರುಗಿಸಿರಿ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ‘ಟಕ್’ ಎಂದು ಹಾರಿದರೆ ಹಲ್ಲುಚಕ್ರದ ಹಲ್ಲು ಮುರಿದಿದೆ ಎಂದೇ ಲೆಕ್ಕ. ಅಂಟು ಹಾಕಿ ಕೂಡಿಸಿದ ಹಲ್ಲು ಬಾಳುವುದಿಲ್ಲ. ಮಾದರಿಯ ಹೆಸರನ್ನು ಬರೆದುಕೊಂಡು, ಸಾಧ್ಯವಾದರೆ ಹಳೆಯ ಚಕ್ರವನ್ನೂ ಕೈಯಲ್ಲಿ ಹಿಡಿದುಕೊಂಡು ರಿಪೇರಿಯವರ ಬಳಿಗೆ ಹೋಗಿರಿ.