ಲಿಪಿಡ್ ಅಣುವಿನ ಚಿತ್ರ ಬಿಡಿಸುವುದು ಹೇಗೆ?

ಜೀವಕೋಶದ ಪೊರೆಯ ಚಿತ್ರ ಬಿಡಿಸಿ ಅಂದರೆ ಬಹಳ ಮಂದಿ ಒಂದು ಗುಂಡು ತಲೆ, ಅದಕ್ಕೆ ಎರಡು ನೇರ ಕಡ್ಡಿ ಎಳೆದು ಮುಗಿಸಿಬಿಡುತ್ತಾರೆ. ಮಕ್ಕಳ ನೋಟ್‌ಬುಕ್ಕುಗಳಲ್ಲಿ ನಾನು ವರ್ಷಗಳಿಂದ ಇದನ್ನೇ ನೋಡುತ್ತಿದ್ದೇನೆ. ಆ ತಲೆ ಮತ್ತು ಕಡ್ಡಿ ಸೇರಿದ್ದೇ ಒಂದು ಲಿಪಿಡ್, ಅಂದರೆ ಕೊಬ್ಬಿನ ಜಾತಿಯ ಅಣು. ಇಡೀ ವಿಷಯ ಇರುವುದು ಆ ಕಡ್ಡಿಗಳಲ್ಲೇ, ಅಂದರೆ ಅಣುವಿನ ಬಾಲಗಳಲ್ಲೇ. ಎಣ್ಣೆ ಯಾಕೆ ಹರಿಯುತ್ತದೆ, ಪೊರೆ ಯಾಕೆ ಗಟ್ಟಿಯಾಗಿ ನಿಲ್ಲದೆ ಬಳುಕುತ್ತದೆ ಅನ್ನುವುದಕ್ಕೆ ಉತ್ತರ ಅಲ್ಲಿದೆ. ಒಮ್ಮೆ ಸರಿಯಾಗಿ ಬಿಡಿಸಿದರೆ ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ.

ಗೆರೆ ಇಲ್ಲದ ಹಾಳೆ, ಪೆನ್ಸಿಲ್, ರಬ್ಬರ್ ತೆಗೆದುಕೊಳ್ಳಿ. ಪೆನ್ನು ಬೇಡ. ಅಳಿಸುವ ಕೆಲಸ ಜಾಸ್ತಿ ಇದೆ.

ಹಂತ 1: ಗ್ಲಿಸರಾಲ್. ಬಾಲಗಳು ಅಂಟಿಕೊಳ್ಳುವ ಚಿಕ್ಕ ಅಣು ಇದು. ಮೂರು ಕಾರ್ಬನ್‌ಗಳನ್ನು ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಬಲಕ್ಕೂ ಒಂದು ಓಎಚ್ (ಒಂದು ಆಮ್ಲಜನಕ, ಅದಕ್ಕಂಟಿದ ಒಂದು ಹೈಡ್ರೋಜನ್) ಹಾಕಿ. ಖಾಲಿ ಉಳಿದ ಕಡೆ ಹೈಡ್ರೋಜನ್. ಇಷ್ಟೇ.

ಹಂತ 2: ನೇರ ಬಾಲ. ಬಾಲ ಅಂದರೆ ಒಂದು ಕೊಬ್ಬಿನಾಮ್ಲ. ಸ್ಟಿಯರಿಕ್ ಆಮ್ಲ ತೆಗೆದುಕೊಳ್ಳೋಣ. ಇದರಲ್ಲಿ 18 ಕಾರ್ಬನ್. ಅಂಕುಡೊಂಕಾಗಿ 17 ಗೆರೆ ಎಳೆಯಿರಿ. ಪ್ರತಿ ತಿರುವೂ ಒಂದು ಕಾರ್ಬನ್, ಎರಡು ತುದಿಗಳೂ ಕಾರ್ಬನ್‌ಗಳೇ. ಅವುಗಳ ಹೈಡ್ರೋಜನ್‌ಗಳನ್ನು ಬರೆಯಬೇಕಿಲ್ಲ, ಇವೆ ಅಂದುಕೊಳ್ಳಿ. ಒಂದು ತುದಿಯ ಕಾರ್ಬನ್‌ಗೆ ಎರಡು ಗೆರೆಯಿಂದ ಒಂದು ಆಮ್ಲಜನಕ, ಒಂದು ಗೆರೆಯಿಂದ ಒಂದು ಓಎಚ್ ಸೇರಿಸಿ. ಅದೇ ಆಮ್ಲದ ತುದಿ.

ಹಂತ 3: ಬಾಗಿದ ಬಾಲ. ಕೈ ತಪ್ಪುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಮಾಡಿ. ಓಲಿಯಿಕ್ ಆಮ್ಲದಲ್ಲೂ 18 ಕಾರ್ಬನ್. ಆಮ್ಲದ ತುದಿಯಿಂದ ಎಣಿಸಿದರೆ 9 ಮತ್ತು 10ನೆಯ ಕಾರ್ಬನ್ ನಡುವೆ ಮಾತ್ರ ಜೋಡಿ ಬಂಧ, ಅಂದರೆ ಎರಡು ಗೆರೆ. ಸುಮ್ನೆ ಹಿಂದಿನ ಚಿತ್ರವನ್ನೇ ನಕಲು ಮಾಡಿ, ಮಧ್ಯದಲ್ಲಿ ಇನ್ನೊಂದು ಗೆರೆ ಸೇರಿಸಿದರೆ ಆಗುವುದಿಲ್ಲ. ಹಾಗೆ ಮಾಡಿದರೆ ಅದು ಬೇರೆಯೇ ಪದಾರ್ಥ, ಬಾಲ ಬಾಗದೆ ಉಳಿಯುವ ಟ್ರಾನ್ಸ್ ಕೊಬ್ಬಿನಾಮ್ಲ.

ಹೀಗೆ ಮಾಡಿ. ಹಾಳೆಯ ನಡುವೆ ಒಂದು ಚಿಕ್ಕ ಅಡ್ಡಗೆರೆ ಎಳೆದು ಜೋಡಿ ಮಾಡಿ. ಅದರ ಎಡ ತುದಿ 9, ಬಲ ತುದಿ 10. ಈಗ 8ನೆಯ ಕಾರ್ಬನ್ ಅನ್ನು 9ರಿಂದ ಎಡಕ್ಕೆ ಇಳಿಜಾರಾಗಿ ಕೆಳಗಿಡಿ. 11ನೆಯದನ್ನೂ 10ರಿಂದ ಬಲಕ್ಕೆ ಇಳಿಜಾರಾಗಿ ಕೆಳಗೇ ಇಡಿ. ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ, ಬಿಡಬೇಡಿ. 9 ಮತ್ತು 10ಕ್ಕೆ ಉಳಿಯುವುದು ಒಂದೊಂದೇ ಹೈಡ್ರೋಜನ್. ಎರಡನ್ನೂ ಮೇಲುಗಡೆಯೇ ಬರೆಯಿರಿ. ಎರಡೆರಡು ಬರೆದರೆ ಕಾರ್ಬನ್‌ಗೆ ಐದು ಕೈ ಆಗುತ್ತದೆ, ಅದಕ್ಕಿರುವುದು ನಾಲ್ಕೇ. ಆಮೇಲೆ ಎರಡೂ ಕಡೆ ಎಂದಿನಂತೆ ಅಂಕುಡೊಂಕು ಮುಂದುವರಿಸಿ. ಬಾಲ ಮಧ್ಯದಲ್ಲಿ ಮೊಣಕೈಯಂತೆ ಮಡಿಚಿದ್ದರೆ ಸರಿ.

ಈ ಒಂದು ಮಡಿಕೆ ಏನು ಮಾಡುತ್ತದೆ ನೋಡಿ. ನೇರ ಬಾಲದ ಸ್ಟಿಯರಿಕ್ ಆಮ್ಲಗಳು ಕಟ್ಟಿಗೆಯ ಹೊರೆಯಂತೆ ಒತ್ತಾಗಿ ಕೂರುತ್ತವೆ. ಅದು ಕರಗಬೇಕಾದರೆ ಸುಮಾರು 69 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟೇ ಉದ್ದದ ಓಲಿಯಿಕ್ ಆಮ್ಲ ಸುಮಾರು 13 ಡಿಗ್ರಿಯಲ್ಲೇ ಕರಗುತ್ತದೆ. ಹೊರೆಯಲ್ಲಿ ಸೊಟ್ಟ ಕಟ್ಟಿಗೆ ಸೇರಿದರೆ ಸಂದು ಬೀಳುತ್ತದೆ ಅಲ್ವಾ, ಹಾಗೆ.

ಚೆಂಡು-ಕಡ್ಡಿಯ ಪ್ಲಾಸ್ಟಿಕ್ ಮಾದರಿ ಕೊಳ್ಳುವವರಿಗೆ ಒಂದು ಮಾತು. ಎಲ್ಲ ಬಂಧಕ್ಕೂ ಒಂದೇ ಕಡ್ಡಿ ಕೊಡುವ ಮಾದರಿ ಬೇಡವೇ ಬೇಡ. ಅದರಲ್ಲಿ ಜೋಡಿ ಬಂಧವೂ ಗಿರಗಿರ ತಿರುಗುತ್ತದೆ. ನಿಜವಾದ ಅಣುವಿನಲ್ಲಿ ಅದು ಹಾಗೆ ತಿರುಗುವುದಿಲ್ಲ, ಬಾಗು ಉಳಿಯುವುದೂ ಅದರಿಂದಲೇ.

ಎಣಿಕೆಯ ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳಿ. ನಾವು ಎಣಿಸಿದ್ದು ಆಮ್ಲದ ತುದಿಯಿಂದ. ಒಮೇಗಾ 6 ಅನ್ನುವಂಥ ಹೆಸರುಗಳ ಲೆಕ್ಕ ಇನ್ನೊಂದು ತುದಿಯಿಂದ. ಓಲಿಯಿಕ್ ಆಮ್ಲಕ್ಕೆ ಎರಡೂ ಕಡೆಯಿಂದ 9 ಬರುವುದರಿಂದ ತಪ್ಪು ಗೊತ್ತೇ ಆಗುವುದಿಲ್ಲ. ಲಿನೋಲಿಯಿಕ್ ಆಮ್ಲ ಎಂಬ ಇನ್ನೊಂದು 18 ಕಾರ್ಬನ್ ಕೊಬ್ಬಿನಾಮ್ಲದಲ್ಲಿ ಎಣಿಸಿ ನೋಡಿ. ಜೋಡಿ ಬಂಧ 9 ಮತ್ತು 12ರಲ್ಲಿ ಶುರುವಾಗುತ್ತವೆ, ಆದರೆ ಅದರ ಹೆಸರು ಒಮೇಗಾ 6. ಇದನ್ನು ನಮ್ಮ ದೇಹ ತಯಾರಿಸಲಾರದು, ಆಹಾರದಿಂದಲೇ ಬರಬೇಕು.

ಹಂತ 4: ಜೋಡಣೆ. ಆಮ್ಲದ ಓಎಚ್ ಮತ್ತು ಗ್ಲಿಸರಾಲ್‌ನ ಓಎಚ್‌ನಲ್ಲಿರುವ ಹೈಡ್ರೋಜನ್ ಅಳಿಸಿ. ಅವೆರಡೂ ಸೇರಿ ನೀರಾಗಿ ಹೋದವು. ಗ್ಲಿಸರಾಲ್‌ನ ಆಮ್ಲಜನಕವನ್ನು ಮಾತ್ರ ಅಳಿಸಬೇಡಿ, ಬಾಲ ಅಂಟುವುದು ಅದಕ್ಕೇ. ಮೂರು ಬಾಲ ಅಂಟಿಸಿದರೆ ಮೂರು ನೀರಿನ ಅಣು ಹೊರಗೆ, ಟ್ರೈಗ್ಲಿಸರೈಡ್ ಸಿದ್ಧ. ದೇಹ ಶಕ್ತಿಯನ್ನು ಕೂಡಿಡುವುದು ಈ ರೂಪದಲ್ಲಿ. ಬಾಲದ ತುಂಬ ಹೈಡ್ರೋಜನ್, ಆಮ್ಲಜನಕ ತೀರಾ ಕಡಿಮೆ. ಅಂದರೆ ಉರಿಯಲು ಬಹಳ ಬಾಕಿ ಇದೆ. ಒಂದು ಗ್ರಾಂ ಕೊಬ್ಬಿಗೆ ಸುಮಾರು 9 ಕಿಲೋಕ್ಯಾಲರಿ, ಒಂದು ಗ್ರಾಂ ಪಿಷ್ಟಕ್ಕೆ ಸುಮಾರು 4.

ಹಂತ 5: ಪೊರೆ. ಮೂರನೆಯ ಬಾಲ ಅಳಿಸಿ, ಆ ಜಾಗದಲ್ಲಿ ಫಾಸ್ಫೇಟ್ (ರಂಜಕ ಮತ್ತು ಆಮ್ಲಜನಕದ ಗುಂಪು) ಬರೆಯಿರಿ, ಅದಕ್ಕೆ ಕೋಲಿನ್ ಎಂಬ ಸಾರಜನಕವಿರುವ ಸಣ್ಣ ಗುಂಪು ಸೇರಿಸಿ. ಈ ತಲೆಯಲ್ಲಿ ವಿದ್ಯುದಂಶವಿದೆ, ನೀರಿನ ಜೊತೆ ಹೊಂದುತ್ತದೆ. ಬಾಲ ಹೊಂದುವುದಿಲ್ಲ. ಉಳಿದ ಎರಡು ಬಾಲಗಳಲ್ಲಿ ಒಂದು ನೇರ, ಒಂದು ಬಾಗಿದ್ದು ಇರಲಿ. ನಾನು ಮಧ್ಯದ ಕಾರ್ಬನ್‌ಗೆ ಬಾಗಿದ್ದನ್ನೇ ಹಾಕಿಸುತ್ತೇನೆ, ಸಾಮಾನ್ಯವಾಗಿ ಜೀವಕೋಶಗಳಲ್ಲೂ ಹಾಗೇ ಇರುತ್ತದೆ.

ಮೊದಲು ಹಾಳೆಯ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ನೀರು ಅಂತ ಬರೆಯಿರಿ, ಆಮೇಲೆ ಅಣುಗಳನ್ನು ಜೋಡಿಸಿ. ತಲೆಗಳು ನೀರಿನ ಕಡೆ, ಬಾಲಗಳು ಒಳಗೆ, ಎರಡು ಸಾಲು. 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು ಕೆಂಪು ರಕ್ತಕಣಗಳ ಲಿಪಿಡ್ ತೆಗೆದು ನೀರಿನ ಮೇಲೆ ಹರಡಿದ್ದರು. ಅದು ಕಣಗಳ ಮೇಲ್ಮೈಯ ಸುಮಾರು ಎರಡರಷ್ಟು ಜಾಗ ತುಂಬಿತು. ಪೊರೆಗೆ ಎರಡು ಪದರ ಇರಬೇಕು ಅಂತ ಅವರು ಹೇಳಿದ್ದು ಅದರಿಂದ.

ಹಂತ 6: ಕೊಲೆಸ್ಟರಾಲ್. ಇದಕ್ಕೆ ಗ್ಲಿಸರಾಲ್ ಬೇಡ. ಒಂದಕ್ಕೊಂದು ಅಂಟಿದ ನಾಲ್ಕು ಉಂಗುರ: ಮೂರಕ್ಕೆ ಆರು ಮೂಲೆ, ಕೊನೆಯದಕ್ಕೆ ಐದು. ಐದು ಮೂಲೆಯದಕ್ಕೆ ಒಂದು ಗಿಡ್ಡ ಬಾಲ, ಎದುರು ತುದಿಯ ಉಂಗುರಕ್ಕೆ ಒಂದು ಓಎಚ್. ಪ್ರಾಣಿಗಳ ಪೊರೆಯಲ್ಲಿ ಇದು ಬಾಲಗಳ ನಡುವೆ ತೂರಿ ಕೂರುತ್ತದೆ. ಹಾಗೇ ಬಿಡಿಸಿ, ಓಎಚ್ ಮಾತ್ರ ತಲೆಗಳ ಸಾಲಿನ ಕಡೆಗೇ ಇರಲಿ.