ಹವಳ ನೋಡೋಕೆ ಅಂಡಮಾನ್‌ಗಾ? ಮೊದ್ಲು ಬೆಂಗಳೂರಲ್ಲೇ ತೇಲೋದು ಕಲೀರಿ

ಅಂಡಮಾನ್‌ಗೆ ಹೋಗಿ ಬಂದ ನಮ್ಮ ಆಫೀಸ್‌ನವರನ್ನ ಕೇಳಿದ್ರೆ ಸೆಲ್ಯುಲರ್ ಜೈಲು, ಹ್ಯಾವ್ಲಾಕ್ ಬೀಚು, ಅಲ್ಲಿ ತಿಂದ ಮೀನು ಅಂತ ಒಂದು ಗಂಟೆ ಹೇಳ್ತಾರೆ, ಹವಳ ನೋಡೋಕೆ ಅಂತ ಹೋಗೋ ಜಾಲಿ ಬಾಯ್ ದ್ವೀಪಕ್ಕೆ ಹೋದ್ರಾ ಅಂದ್ರೆ ಮಾತ್ರ "ಅಯ್ಯೋ ಅವತ್ತು ಕ್ಲೋಸ್ ಇತ್ತು ಗುರು" ಅಂತಾರೆ. ಕ್ಲೋಸ್ ಇರೋದು ಸೋಮವಾರ. ನಾವು ಬೆಂಗಳೂರಿನವರು ಲಾಂಗ್ ವೀಕೆಂಡ್ ಅಂತ ಶುಕ್ರವಾರ ರಜಾ ಹಾಕಿ ಹೊರಟು, ಕೊನೆಗೆ ಸೋಮವಾರ ಒಂದು ದಿನ ಇದ್ಯಲ್ಲ ಅವತ್ತು ಹವಳ ನೋಡ್ಕೊಂಡ್ ಬಂದ್ಬಿಡೋಣ ಅಂದ್ಕೋತೀವಿ, ಅಲ್ಲೇ ಎಡವಟ್ಟಾಗೋದು.

ಜಾಲಿ ಬಾಯ್ ಇರೋದು ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ. 1983ರಲ್ಲಿ ಆಗಿದ್ದು, 281.5 ಚದರ ಕಿ.ಮೀ., ಒಳಗೆ 15 ದ್ವೀಪ. ಆದ್ರೆ ಟೂರಿಸ್ಟ್‌ಗಳಿಗೆ ಬಿಡೋದು ಎರಡೇ: ಜಾಲಿ ಬಾಯ್, ರೆಡ್ ಸ್ಕಿನ್. ಅದೂ ಸರದಿ ಮೇಲೆ. ಹೆಚ್ಚುಕಮ್ಮಿ ನವೆಂಬರ್‌ನಿಂದ ಮೇ ಮಧ್ಯದ ತನಕ ಜಾಲಿ ಬಾಯ್, ಮಳೆಗಾಲದ ತಿಂಗಳಲ್ಲಿ ರೆಡ್ ಸ್ಕಿನ್. ನೀರು ತಿಳಿಯಾಗಿ ಕಾಣ್ಬೇಕು ಅಂದ್ರೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ, ದಸರಾ ರಜಾಗೆ ಅಂತ ಹಠ ಮಾಡ್ಬೇಡಿ.

ಈಗ ತಯಾರಿ ವಿಷ್ಯ. ಟಿಕೆಟ್ ಬುಕ್ ಮಾಡೋಕೂ ಮುಂಚೆ ಮನೆ ಹತ್ರ ಯಾವ್ದಾದ್ರೂ ಸ್ವಿಮ್ಮಿಂಗ್ ಪೂಲ್‌ಗೆ ನಾಲ್ಕು ದಿನ ಹೋಗಿ. ಈಜು ಕಲೀರಿ ಅಂತ ಹೇಳ್ತಿಲ್ಲ, ಮುಖ ನೀರೊಳಗಿಟ್ಟು, ಬಾಯಲ್ಲಿ ಪೈಪ್ ಕಚ್ಕೊಂಡು ನಿಧಾನಕ್ಕೆ ಉಸಿರಾಡ್ತಾ ಬೋರಲು ತೇಲೋದನ್ನ ಕಲೀರಿ ಅಷ್ಟೇ, ಸ್ನಾರ್ಕೆಲಿಂಗ್ ಅನ್ನೋದು ಇದಕ್ಕೇ. ಸಮುದ್ರದ ಉಪ್ಪು ನೀರಲ್ಲಿ ಪೂಲ್‌ಗಿಂತ ಸುಲಭವಾಗಿ ತೇಲ್ತೀವಿ, ಜೊತೆಗೆ ಗೈಡ್ ಇರ್ತಾರೆ, ಲೈಫ್ ಜಾಕೆಟ್ ಇರತ್ತೆ, ಆದ್ರೂ ಭಯ ಬಿದ್ದಾಗ ಮನುಷ್ಯ ಮೊದಲು ಮಾಡೋ ಕೆಲಸ ಏನಂದ್ರೆ ಕಾಲು ಕೆಳಗೆ ಬಿಡೋದು, ಆ ಕಾಲು ಹೋಗಿ ನಿಲ್ಲೋದು ಹವಳದ ಮೇಲೆ. ದುಂಡಗಿರೋ ಗಟ್ಟಿ ಜಾತಿ ಹವಳ ವರ್ಷಕ್ಕೆ ಬೆಳೆಯೋದು ಒಂದು ಸೆಂಟಿಮೀಟರ್ ಆಸುಪಾಸು. ನಿಮ್ಮ ಹಿಮ್ಮಡಿ ಅಗಲ ಅಳೆದು ನೋಡಿ, ಲೆಕ್ಕ ನೀವೇ ಹಾಕ್ಕೊಳ್ಳಿ.

ನೀರೊಳಗೆ ನೋಡೋಕೆ ಕಣ್ಣು ಮೂಗು ಮುಚ್ಚೋ ಹಾಗೆ ಹಾಕ್ಕೊಳ್ಳೋ ಗಾಜಿನ ಮಾಸ್ಕ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ನಾನು ಮೊದಲ ಸಲ ಹೋದಾಗ ಅರ್ಧ ಟೈಮ್ ಮೂಗಿಗೆ ಹೋದ ಉಪ್ಪು ನೀರು ಕೆಮ್ಮೋದ್ರಲ್ಲೇ ಕಳೆದೆ. ಕಾರಣ ನನ್ನ ಮೀಸೆ. ಮಾಸ್ಕಿನ ರಬ್ಬರ್ ಅಂಚು ಚರ್ಮಕ್ಕೆ ಅಂಟ್ಕೋಬೇಕು, ನಡುವೆ ಕೂದಲಿದ್ರೆ ಅಲ್ಲಿಂದ ನೀರು ಸೋರತ್ತೆ. ಬೋಳಿಸೋಕೆ ಮನಸ್ಸಿಲ್ದಿದ್ರೆ ಮೂಗಿನ ಕೆಳಗಿನ ಸಾಲು ಒಂಚೂರು ಟ್ರಿಮ್ ಮಾಡಿ, ತಕ್ಕಮಟ್ಟಿಗೆ ನಡೆಯತ್ತೆ. ಮಾಸ್ಕ್ ಸರಿ ಹೊಂದತ್ತಾ ಅಂತ ನೋಡೋಕೆ ಪಟ್ಟಿ ಹಾಕ್ದೆ ಬರೀ ಮುಖಕ್ಕೆ ಒತ್ತಿ ಮೂಗಲ್ಲಿ ಸಣ್ಣಗೆ ಉಸಿರೆಳ್ಕೊಂಡು ಕೈ ಬಿಡಿ, ಬೀಳದೆ ಕೂತ್ರೆ ಅದು ನಿಮ್ದು. ಗಾಜು ಮಂಜಾಗತ್ತಲ್ಲ, ಅದಕ್ಕೆ ಒಳಗಡೆ ಒಂದು ಹನಿ ಬೇಬಿ ಶಾಂಪೂ ಸವರಿ ತೊಳೀರಿ. ಉಗುಳು ಸವರಿದ್ರೂ ಆಗತ್ತೆ, ಎಲ್ರೂ ಅದನ್ನೇ ಮಾಡೋದು, ಬಾಡಿಗೆ ಮಾಸ್ಕ್ ಹಾಕ್ಕೊಳ್ಳುವಾಗ ಇದನ್ನ ನೆನಪಿಸ್ಕೋಬೇಡಿ. ಕನ್ನಡಕದವರು ಪವರ್ ಇರೋ ಮಾಸ್ಕ್ ತಗೊಂಡ್ ಹೋಗಿ, ಇಲ್ಲಾಂದ್ರೆ ಅಷ್ಟು ದೂರ ಹೋಗಿ ಬಣ್ಣದ ಮಸುಕು ನೋಡ್ಕೊಂಡ್ ಬರ್ತೀರ.

ಸನ್‌ಸ್ಕ್ರೀನ್ ಬದಲು ಫುಲ್ ಸ್ಲೀವ್ ಈಜು ಬಟ್ಟೆ ಹಾಕಿ. ಕ್ರೀಮ್‌ಗಳಲ್ಲಿ ಬರೋ ಆಕ್ಸಿಬೆಂಝೋನ್ ಹವಳಕ್ಕೆ ಒಳ್ಳೇದಲ್ಲ, ಬೋರಲು ತೇಲುವಾಗ ಬೆನ್ನಂತೂ ಸುಟ್ಟೇ ಸುಡತ್ತೆ.

ಬೆಂಗಳೂರಿಂದ ಪೋರ್ಟ್ ಬ್ಲೇರ್‌ಗೆ ನೇರ ಫ್ಲೈಟ್‌ನಲ್ಲಿ ಎರಡೂವರೆ ಗಂಟೆ ಚಿಲ್ಲರೆ. 2024ರಿಂದ ಊರಿನ ಹೆಸರು ಶ್ರೀ ವಿಜಯ ಪುರಂ. ಗಡಿಯಾರ ನಮ್ದೇ, ಆದ್ರೆ ಸೂರ್ಯ ಅಲ್ಲಿ ಸುಮಾರು ಒಂದು ಗಂಟೆ ಮುಂಚೆ ಬರ್ತಾನೆ, ಐದಕ್ಕೆಲ್ಲ ಬೆಳಕು, ಚಳಿಗಾಲದಲ್ಲಿ ಸಂಜೆ ಐದೂವರೆಗೆ ಕತ್ತಲೆ. ಅದಕ್ಕೇ ಎಲ್ಲ ಬೆಳಗ್ಗೆನೇ ಮುಗಿಸ್ಕೋಬೇಕು, ಹತ್ತಕ್ಕೆ ಎದ್ದು ಹನ್ನೊಂದಕ್ಕೆ ತಿಂಡಿ ಅನ್ನೋ ನಮ್ಮ ಭಾನುವಾರದ ಲೆಕ್ಕ ಅಲ್ಲಿ ನಡೆಯಲ್ಲ. ಅರಣ್ಯ ಇಲಾಖೆ ಪರ್ಮಿಟ್ ಮುಂಚೆನೇ ಮಾಡಿಸ್ಕೊಳ್ಳಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಒರಿಜಿನಲ್ ಐಡಿ ಬ್ಯಾಗಲ್ಲಿರ್ಲಿ, ಕ್ಯಾಶೂ ಇರ್ಲಿ.

ವಂಡೂರ್ ಜೆಟ್ಟಿ ಊರಿಂದ 25-30 ಕಿ.ಮೀ. ಅಲ್ಲಿ ಬ್ಯಾಗ್ ಚೆಕ್ ಮಾಡ್ತಾರೆ, ಪ್ಲಾಸ್ಟಿಕ್ ಬಿಡಲ್ಲ. ದ್ವೀಪದಲ್ಲಿ ಅಂಗಡಿ ಗಿಂಗಡಿ ಏನೂ ಇಲ್ಲ, ಹಾಗಾಗಿ ಸ್ಟೀಲ್ ಬಾಟಲ್ ತುಂಬ ನೀರು, ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ. (ಮೊಸರನ್ನ ಬೇಡ, ಆ ಸೆಕೆಗೆ ಮಧ್ಯಾಹ್ನದೊಳಗೆ ಹುಳಿ ಬರತ್ತೆ, ಅನುಭವದ ಮಾತು.) ಬೋಟ್ ಹತ್ತೋ ಮುಂಚೆ ಟಾಯ್ಲೆಟ್ ಮುಗಿಸ್ಕೊಳ್ಳಿ. ವಂಡೂರ್ ಬೀಚಲ್ಲಿ ಮೊಸಳೆ ಇದೆ ಅನ್ನೋ ಬೋರ್ಡ್ ತಮಾಷೆಗೆ ಹಾಕಿದ್ದಲ್ಲ, ಉಪ್ಪುನೀರಿನ ಮೊಸಳೆ ನಿಜವಾಗ್ಲೂ ಇದೆ, ಬೋಟಿಗೆ ಕಾಯೋವಾಗ ಅಲ್ಲಿ ನೀರಿಗಿಳೀಬೇಡಿ.

ಬೋಟಲ್ಲಿ ಒಂದು ಗಂಟೆ ಹತ್ರ ಹತ್ರ, ಆಮೇಲೆ ದ್ವೀಪದ ಹತ್ರ ಗಾಜಿನ ತಳದ ಸಣ್ಣ ಬೋಟಿಗೆ ಹತ್ತಿಸ್ತಾರೆ. ನೀರಿಗಿಳಿಯೋಕೆ ಆಗದ ಅಜ್ಜ ಅಜ್ಜಿಗೆ ಇದೇ ಸಾಕು. ನೀವು ಮಾತ್ರ ಇಳೀರಿ. ಮೆದುಳಿನ ಥರ ಗೆರೆ ಗೆರೆ ಇರೋ ಬಂಡೆ ಕಾಣತ್ತೆ, ಬಂಡೆ ಅಲ್ಲ, ಲಕ್ಷಗಟ್ಟಲೆ ಸಣ್ಣ ಪ್ರಾಣಿಗಳು ಸೇರಿ ಕಟ್ಟಿರೋ ಮನೆ. ಆ ಜೀವಿಗಳ ಮೈಯೊಳಗಿರೋ ಪಾಚಿಯಿಂದ್ಲೇ ಬಹಳಷ್ಟು ಬಣ್ಣ, ಊಟನೂ ಬಹುಪಾಲು ಅದರಿಂದ್ಲೇ. ನೀರು ಬಿಸಿಯಾದ್ರೆ ಪಾಚಿ ಹೊರಗೆ ಹೋಗತ್ತೆ, ಹವಳ ಬೆಳ್ಳಗಾಗತ್ತೆ; 2010ರ ಬೇಸಿಗೆಯಲ್ಲಿ ಅಂಡಮಾನ್‌ನಲ್ಲಿ ಹೀಗಾಗಿ ತುಂಬ ಹವಳ ಸತ್ತೋಯ್ತು. ಹಾಗಾಗಿ ಫೋಟೋಶಾಪ್ ಮಾಡಿದ ಬಣ್ಣ ನಿರೀಕ್ಷೆ ಮಾಡ್ಬೇಡಿ, ಕಂದು, ಮಾಸಲು ಹಸಿರೇ ಜಾಸ್ತಿ, ನಡುವೆ ಅಲ್ಲಲ್ಲಿ ನೇರಳೆ. ಒಂದೇ ಕಡೆ ಎರಡು ನಿಮಿಷ ಕೈ ಕಾಲು ಆಡಿಸ್ದೆ ತೇಲಿ, ಬಚ್ಚಿಟ್ಕೊಂಡಿದ್ದ ಮೀನೆಲ್ಲ ಒಂದೊಂದಾಗಿ ಆಚೆ ಬರತ್ತೆ. ಪೂಲ್‌ನಲ್ಲಿ ಕಲೀರಿ ಅಂದಿದ್ದು ಈ ಎರಡು ನಿಮಿಷಕ್ಕೇ.

ಅಂದ ಹಾಗೆ ಕುಜದೋಷಕ್ಕೆ ಹಾಕ್ಕೊಳ್ಳೋ ಕೆಂಪು ಹವಳ ಇದಲ್ಲ, ಅದು ಬೇರೆ ಜಾತಿ. ನಮ್ಮತ್ತೆ "ಒಂದು ತುಂಡು ತಗೊಂಡ್ ಬಾರಪ್ಪ" ಅಂದಿದ್ರು. ತರೋ ಹಾಗೇ ಇಲ್ಲ ಅತ್ತೆ, ದಿಬ್ಬ ಕಟ್ಟೋ ಹವಳ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿದೆ, ಹುಲಿಗೆ ಇರೋ ರಕ್ಷಣೆನೇ ಅದಕ್ಕೂ, ಸತ್ತು ದಡಕ್ಕೆ ಬಿದ್ದಿರೋ ತುಂಡಾದ್ರೂ ಅಷ್ಟೇ, ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಸಿಕ್ಕಿಬೀಳತ್ತೆ. ವಾಪಸ್ ಬೋಟ್ ಹತ್ತೋ ಮುಂಚೆ ಮಕ್ಕಳ ಜೇಬು ಒಂದ್ಸಲ ನೋಡಿ. ನನ್ನ ಮಗಳ ಚಡ್ಡಿ ಜೇಬಲ್ಲಿ ಐದು ಬಿಳಿ ತುಂಡು, ಒಂದು ಶಂಖ, ಜೊತೆಗೆ ಇನ್ನೂ ನಡೀತಿದ್ದ ಒಂದು ಸನ್ಯಾಸಿ ಏಡಿ ಸಿಕ್ತು.